ಬೆನ್ನ ಹಿಂದಿನ ಎಡಗೈ

ಆಳಂದದಲ್ಲಿ ನಮ್ಮ ಪಕ್ಕದ ಮನೆಯ ಟಿವಿ ಮೆಕ್ಯಾನಿಕ್, ಟಿವಿ ಬಿಚ್ಚಿದರೆ ಎಡಗೈಯನ್ನು ಬೆನ್ನ ಹಿಂದಿಡುತ್ತಿದ್ದರು. "ಒಂದ ಕೈ ಸಾಕ್ರಿ. ಎರಡೂ ಹಾಕಿದ್ರ ಕರೆಂಟ್ ಎದಿ ಹಾದು ಹೋಗ್ತದ."

ಒಂದು ಬೇಸಿಗೆ ಮುರುಕು ಕಪಾಟಿನಲ್ಲಿ ಗುಜರಿ ಟಿವಿ ಕೂರಿಸಿ, ಮನೆಯಲ್ಲೇ ವಿಡಿಯೋ ಗೇಮಿನ ಪೆಟ್ಟಿಗೆ ಕಟ್ಟಿದರು. ಪ್ಲಗ್ ಕಿತ್ತಿದೆಯಲ್ಲ ಎಂದು ಅವರ ಹೆಂಡತಿ, ನಾವೆಲ್ಲ ವೈನಿ ಎನ್ನುತ್ತಿದ್ದವರು, ಒಳಗಿನ ಧೂಳು ಒರೆಸಲು ಕೈಚಾಚಿದರು.

"ಮುಟ್ಟಬ್ಯಾಡ ಬೇ! ಟ್ಯೂಬಿನಾಗ ಕರೆಂಟ್ ಇನ್ನೂ ಅದ!"

ವೈನಿಯ ಕೈ ಗಾಳಿಯಲ್ಲೇ ನಿಂತಿತು. ಉಳಿದ ಕರೆಂಟ್ ಇಳಿಸಲು ಮೆಕ್ಯಾನಿಕ್ ತಂತಿ ಕಟ್ಟಿದ ಸ್ಕ್ರೂಡ್ರೈವರನ್ನು ಟ್ಯೂಬಿಗೆ ತಾಗಿಸಿದರು. ಚಟ್ಟೆಂದು ನೀಲಿ ಕಿಡಿ ಹಾರಿತು.

ಸಂಜೆ ಪೆಟ್ಟಿಗೆ ಮುಚ್ಚಿ ಚಾಲೂ ಮಾಡಿದರು. ಮೊದಲು ಆಡಿದ್ದು ವೈನಿ, ಬಲಗೈಯೊಂದರಲ್ಲೇ.

"ಎರಡೂ ಕೈ ಹಾಕು, ಏನೂ ಆಗಲ್ಲ."

"ಮೊದಲ ನೀವು ಹಾಕ್ರಿ" ಎಂದರು ವೈನಿ.

ಅವರ ಎಡಗೈ ಇನ್ನೂ ಬೆನ್ನ ಹಿಂದೆಯೇ ಇತ್ತು.