ಅಕ್ಕನ ವೆಬ್‌ಸೈಟ್ ಕಂಪೈಲ್ ಆದ ದಿನ

ಅಕ್ಕ ತೀರಿಕೊಂಡ ಮೇಲೆ ನಾನು ಹಟ ಹಿಡಿದು ಕೂತದ್ದು ಒಂದೇ ಕೆಲಸಕ್ಕೆ. ಅವಳು ಅರ್ಧಕ್ಕೆ ಬಿಟ್ಟುಹೋದ ಬಸ್ ವೇಳೆಯ ವೆಬ್‌ಸೈಟನ್ನು ನಡೆಸಲೇಬೇಕು. ಗೊರವನಹಳ್ಳಿಗೆ ಹೋಗುವವರು ಕೊರಟಗೆರೆ ಸ್ಟ್ಯಾಂಡಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಸುಮ್ಮನೆ ಕಾಯಬಾರದು ಎಂಬುದು ಅವಳ ಆಸೆ. ಮಧುಗಿರಿಯ ಬಾಡಿಗೆ ಕೋಣೆಯಲ್ಲಿ ನಾವಿಬ್ಬರೂ ಒಂದೇ ಲ್ಯಾಪ್‌ಟಾಪಿಗೆ ಕಿತ್ತಾಡುತ್ತಾ ಕಂಡವರಿಗೆಲ್ಲ ವೆಬ್‌ಸೈಟು ಮಾಡಿಕೊಡುತ್ತಿದ್ದವರು. ಈಗ ಲ್ಯಾಪ್‌ಟಾಪ್ ಪೂರ್ತಿ ನನ್ನದು. ಯಾರಿಗೆ ಬೇಕಿತ್ತು?

ಬರೆದ ಕೋಡನ್ನೆಲ್ಲ ಜೋಡಿಸಿ ಓಡಿಸಲು ಕಂಪೈಲ್ ಕೊಟ್ಟರೆ ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು. ಫ್ರೇಮ್‌ವರ್ಕಿನ ಹೊಸ ಆವೃತ್ತಿಗೆ ಶಾಪ ಹಾಕಿ ಹಳೆಯದಕ್ಕೆ ಇಳಿಸಿದೆ. ಪ್ಯಾಕೇಜುಗಳನ್ನೆಲ್ಲ ಅಳಿಸಿ ಮತ್ತೆ ಹಾಕಿದೆ. ನಲವತ್ತು ತಪ್ಪುಗಳು ಹತ್ತಾದವು, ಹತ್ತು ಒಂದಾಯಿತು. ಆ ಒಂದು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಬಸ್ಸುಗಳ ವೇಳೆ ಇರುವ ಫೈಲ್ ಸಿಗುತ್ತಿಲ್ಲ, ಅಷ್ಟೇ ಅದರ ಮಾತು. ಎಲ್ಲಿ ಹುಡುಕುತ್ತಿದೆ ಎಂದು ನೋಡಿದರೆ, ಇ ಡ್ರೈವ್.

ನಮ್ಮ ಲ್ಯಾಪ್‌ಟಾಪಿನಲ್ಲಿ ಇ ಡ್ರೈವ್ ಎಂಬುದೇ ಇಲ್ಲ. ಅದು ಅಕ್ಕನ ಪೆನ್‌ಡ್ರೈವ್. ನಾನು ಕಂಡದ್ದನ್ನೆಲ್ಲ ಅಳಿಸುತ್ತೇನೆಂದು, ಮುಗಿಯದ ಫೈಲನ್ನು ಅವಳು ಅದರಲ್ಲೇ ಇಟ್ಟು ಅಲ್ಲಿಂದಲೇ ವೆಬ್‌ಸೈಟಿಗೆ ಜೋಡಿಸುತ್ತಿದ್ದಳು. ಪೂರ್ತಿಯಾದ ಮೇಲಷ್ಟೇ ಲ್ಯಾಪ್‌ಟಾಪಿಗೆ ಹಾಕುವುದು.

ಅದು ಎಲ್ಲಿದೆ ಎಂದು ನಾನು ಹುಡುಕಬೇಕಾಗಿರಲಿಲ್ಲ. ನಮ್ಮಲ್ಲಿ ಮಣ್ಣು ಮಾಡುವಾಗ ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗಿಡುತ್ತಾರೆ. ತಾತನ ಜೊತೆ ಎಲೆಅಡಿಕೆ ಚೀಲ ಹೋಗಿತ್ತು. ತೋವಿನಕೆರೆ ಪಕ್ಕದ ನಮ್ಮ ಹೊಲದಲ್ಲಿ ಗುಂಡಿಯ ಅಂಚಿಗೆ ನಿಂತು ಅಪ್ಪ, ಜೀವಮಾನವೆಲ್ಲ ಕುರಿ ಕಾಯ್ದವನು, ಕೇಳಿದ್ದ: “ಯಾವಾಗ್ಲೂ ಕೈಲಿ ಹಿಡ್ಕಂಡಿರೋಳಲ್ಲವ್ವ, ಅದೆಲ್ಲಿ? ಕೊಟ್ಬುಡು. ಬರಿಗೈಲಿ ಕಳ್ಸಬ್ಯಾಡ.” ಬೀಗದಕೈ ಗೊಂಚಲಿನಿಂದ ಆ ಪೆನ್‌ಡ್ರೈವ್ ಬಿಚ್ಚಿ ಅವಳ ಅಂಗೈಯೊಳಗೆ ಇಟ್ಟವಳು ನಾನೇ. ಫೈಲು ಅದರಲ್ಲಿದೆ ಎಂದು ಈಗ ಹೇಳಿದರೆ ಅಪ್ಪ ಗುದ್ದಲಿ ಹಿಡಿದು ಹೊರಟಾನೆಂದು ಹೆದರಿ ಬಾಯಿ ಮುಚ್ಚಿಕೊಂಡೆ.

ನಾನೇ ಸ್ಟ್ಯಾಂಡುಗಳನ್ನು ಸುತ್ತಿ ವೇಳೆ ಬರೆದುಕೊಂಡೆ. ಮಧುಗಿರಿ, ಕೊರಟಗೆರೆ, ಶಿರಾ ಮುಗಿದವು. ಪಾವಗಡದಲ್ಲಿ ಒಬ್ಬ ಕಂಡಕ್ಟರು ನಾಗಲಮಡಿಕೆಯ ಬಸ್ಸುಗಳನ್ನು ಹೇಳುತ್ತಾ ನಡುವೆ ನಿಲ್ಲಿಸಿ ನನ್ನ ಮುಖ ನೋಡಿದ.

“ಇದ್ನೆಲ್ಲಾ ಒಬ್ಬಮ್ಮ ಕೇಳ್ಕಂಡೋಗವ್ರಲ್ಲಮ್ಮ, ಲ್ಯಾಪ್‌ಟಾಪ್ ತೊಡೆ ಮ್ಯಾಲಿಟ್ಕಂಡು. ಅವ್ರೆಲ್ಲಿ?”

“ಊರ್ಗೋಗವ್ಳೆ ಕಣಣ್ಣ,” ಅಂದೆ.

“ಬಂದ್ಮ್ಯಾಲೆ ಹೇಳು, ಐದು ಗಂಟೆ ಬಸ್ಸು ನಿಂತೋಯ್ತು ಅಂತ. ಅವಮ್ಮ ಅದ್ನ ಬರ್ಕಂಡವ್ರೆ.”

ಹೇಳ್ತೀನಿ ಅಂದೆ. ವಾಪಸ್ಸು ಬಸ್ಸಿನಲ್ಲಿ ಮಧುಗಿರಿ ಬರುವವರೆಗೂ ಕಿಟಕಿಗೆ ಮುಖ ಮಾಡಿ ಕೂತಿದ್ದೆ.

ಮರುದಿನ ಮಧ್ಯಾಹ್ನ ಎಲ್ಲವನ್ನೂ ಹೊಸ ಫೈಲಿಗೆ ತುಂಬಿ, ಇ ಡ್ರೈವಿನ ಸಾಲನ್ನು ಅಳಿಸಿ, ಕಂಪೈಲ್ ಕೊಟ್ಟೆ. ಒಂದೂ ತಪ್ಪಿಲ್ಲ. ಪುಟ ಚೆನ್ನಾಗಿ ತೆರೆದುಕೊಂಡಿತು.

ಮನೆಯಲ್ಲಿ ಆಗಲೇ ಎಲ್ಲರೂ ಅಕ್ಕನ ಸುದ್ದಿ ಎತ್ತುವುದನ್ನು ಬಿಟ್ಟಿದ್ದರು. ಅವಳ ಫೈಲು ಸಿಗುತ್ತಿಲ್ಲ, ಸಿಗುತ್ತಿಲ್ಲ ಎಂದು ಇಷ್ಟು ದಿನ ಬಾಯಿಬಿಟ್ಟು ಹೇಳುತ್ತಿದ್ದದ್ದು ಆ ಯಂತ್ರ ಒಂದೇ. ಈಗ ಅದಕ್ಕೂ ಅವಳು ಬೇಡವಾಗಿದ್ದಳು. ಬೇಡವಾಗಿಸಿದವಳು ನಾನು. ಲ್ಯಾಪ್‌ಟಾಪ್ ಮುಚ್ಚಲೂ ಮನಸ್ಸಾಗದೆ, ಅದರ ಮುಂದೆಯೇ ಗೋಳೋ ಎಂದು ಅತ್ತೆ.