ನಾಯಕನ ಜಾಗದಲ್ಲಿ ನಿಲ್ಲುವವನು

ಮೊದಲ ಸಲ ಕಂಡಾಗ ನಾಯಕನಟ ಇವನೇ ಎಂದುಕೊಂಡು ನಾನು ಪುಸ್ತಕ ಚಾಚಿ ಸಹಿ ಕೇಳಿದ್ದೆ. ಸ್ಟುಡಿಯೋದ ಅಷ್ಟೂ ದೀಪಗಳು ಅವನ ಮುಖದ ಮೇಲಿದ್ದವು. ನಾಲ್ಕು ಜನ ಸುತ್ತ ನಿಂತು ಅವನ ಮೂಗಿನ ನೆರಳಿನ ಬಗ್ಗೆ ಜಗಳವಾಡುತ್ತಿದ್ದರು. ಅಷ್ಟು ಮರ್ಯಾದೆಯ ಮೂಗು ಸಾಮಾನ್ಯನದಾಗಿರಲು ಸಾಧ್ಯವೇ? ಅವನೂ ಸಂಕೋಚವಿಲ್ಲದೆ ಸಹಿ ಹಾಕಿಕೊಟ್ಟ. ನಿಜವಾದ ನಾಯಕ ಒಳಗೆ ಗೊರಕೆ ಹೊಡೆಯುತ್ತಿದ್ದನೆಂದು ಆಮೇಲೆ ತಿಳಿಯಿತು. ದೀಪ ಹೊಂದಿಸುವಷ್ಟು ಹೊತ್ತು ನಾಯಕನ ಜಾಗದಲ್ಲಿ ನಿಲ್ಲುವುದು ಇವನ ಕೆಲಸ. ಬೆಳಕು ಸರಿಹೋಯಿತೋ, "ಸರಿ, ನಡಿ" ಎನ್ನುತ್ತಾರೆ. ಕ್ಯಾಮೆರಾ ಓಡುವುದು ಅದಾದ ಮೇಲೆ.

ನಾಯಕನಾಗಲೆಂದೇ ಮನೆ ಬಿಟ್ಟು ಬಂದವನು. ಎರಡು ವರ್ಷ ಕನ್ನಡಿಯ ಮುಂದೆ ಅತ್ತ, ನಕ್ಕ, ಗುಂಡೇಟು ತಿಂದು ಬಿದ್ದ. ಕೊನೆಗೊಬ್ಬ ನಿರ್ಮಾಪಕ ತಲೆಯಿಂದ ಕಾಲಿನವರೆಗೆ ನೋಡಿ, "ನಮ್ಮ ಹೀರೋ ಅಳತೆಗೆ ಸರಿಯಾಗಿದ್ದೀಯ, ನಿನ್ನ ಎತ್ತರ ಬೇಕಾಗಿತ್ತು" ಎಂದ. ಉಳಿದದ್ದು ಯಾರಿಗೂ ಬೇಕಾಗಲಿಲ್ಲ. ಅಂದಿನಿಂದ ಅವನ ಹೆಸರೇ 'ಅಳತೆ'.

ಹದಿನೆಂಟು ವರ್ಷ ಕಳೆದು ಕಣ್ಣು ಮಂಜಾಯಿತು. ಎಲ್ಲಿ ನಿಲ್ಲಬೇಕೆಂದು ನೆಲಕ್ಕೆ ಅಂಟಿಸುವ ಬಿಳಿ ಪಟ್ಟಿಯೇ ಕಾಣದಾಯಿತು.

"ಪೊರೆ ಬಂದಿದೆ ಅಂತ ಹೇಳಿಬಿಡಿ" ಎಂದಳು ಹೆಂಡತಿ.

"ಹೇಳಿದ ಮಧ್ಯಾಹ್ನವೇ ಇನ್ನೊಬ್ಬ ಬಂದು ನಿಂತಿರ್ತಾನೆ ಕಣೇ. ಎತ್ತರ ಇರೋರಿಗೇನು ಬರ?"

"ಹಾಗಾದ್ರೆ ಎಡವಿ ಕಾಲು ಮುರ್ಕೊಂಡು ಬನ್ನಿ. ಎತ್ತರದ ಚಿಂತೆಯೂ ತಪ್ಪುತ್ತೆ!"

ಅವನು ಬೇರೆ ದಾರಿ ಹಿಡಿದ. ಎಲ್ಲರಿಗಿಂತ ಮುಂಚೆ ಹೋಗಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ ಪಟ್ಟಿ ಹುಡುಕಿ, ಕ್ಯಾಮೆರಾದ ಕಾಲಿನಿಂದ ಅಲ್ಲಿಗೆ ಹೆಜ್ಜೆ ಎಣಿಸಿಡುತ್ತಿದ್ದ. ಆ ದಿನದ ಲೆಕ್ಕ ಹನ್ನೊಂದು. ಅವನು ಹೊರಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಛಾಯಾಗ್ರಾಹಕನ ಮನಸ್ಸು ಬದಲಾಗಿ, ಕ್ಯಾಮೆರಾ ಎರಡು ಹೆಜ್ಜೆ ಹಿಂದಕ್ಕೆ ಸರಿದಿತ್ತು; ಪಟ್ಟಿ ಮಾತ್ರ ಇದ್ದಲ್ಲೇ ಇತ್ತು.

ಹನ್ನೊಂದು ಹೆಜ್ಜೆ ಎಣಿಸಿ ನಿಂತ. ದೀಪಗಳು ಒಂದೊಂದಾಗಿ ಕೆನ್ನೆ ಸುಟ್ಟವು. ಯಾರೂ ಬೈಯಲಿಲ್ಲ. ಹಾಗಾದರೆ ಸರಿಯಿದ್ದೀತೇ? ಅಥವಾ ಇನ್ನೂ ಯಾರೂ ಕಾಲ ಕಡೆ ನೋಡಿಲ್ಲವೇ? ಎಲ್ಲರ ಕಣ್ಣೂ ಮೂಗಿನ ನೆರಳಿನ ಮೇಲೆಯೇ ಇತ್ತು. "ಸರಿ, ನಡಿ."

ನಾಯಕ ಆಕಳಿಸುತ್ತ ಬಂದು ಪಟ್ಟಿಯ ಮೇಲೆ ನಿಂತ. ಮುಖ ಕತ್ತಲಲ್ಲಿ ಮುಳುಗಿ, ಹೊಟ್ಟೆ ಮಾತ್ರ ಹುಣ್ಣಿಮೆಯ ಚಂದ್ರನಂತೆ ಬೆಳಗಿತು.

"ಯಾರ್ರೀ ಪಟ್ಟಿ ಅಂಟಿಸಿದ್ದು?" ನಿರ್ದೇಶಕರು ಗುಡುಗಿದರು. ನಾಲ್ಕು ಗೋಡೆಯೊಳಗೂ ಕಪ್ಪು ಕನ್ನಡಕ ತೆಗೆಯದ ಮಹಾನುಭಾವರು ಅವರು. ಪಟ್ಟಿ ಅಂಟಿಸುವ ಸಹಾಯಕಿಯ ಮುಖ ಬಿಳುಚಿತು.

ಅಳತೆ ಸುಮ್ಮನಿದ್ದರೆ ಸಾಕು, ಬೈಗುಳ ಅವಳ ಪಾಲಿಗೆ. ತನ್ನ ಕೆಲಸ ನಾಳೆಗೂ ಉಳಿಯುತ್ತದೆ.

"ಪಟ್ಟಿ ಸರಿಯಾಗೇ ಇದೆ ಸಾರ್" ಎಂದ. "ನಾನು ತಪ್ಪು ಕಡೆ ನಿಂತಿದ್ದೆ."

ನಿರ್ದೇಶಕರು ಕುರ್ಚಿಯಿಂದ ಎದ್ದರು. "ಏನಯ್ಯಾ, ಇಷ್ಟು ವರ್ಷ ಆದ್ಮೇಲೂ ನಿಂತಲ್ಲೇ ಹೀರೋ ಆಗೋ ಕನಸು ಕಾಣ್ತೀಯಾ?"

"ಇಲ್ಲ ಸಾರ್, ಅದನ್ನ ಬಿಟ್ಟು ಹದಿನೆಂಟು ವರ್ಷ ಆಯ್ತು. ಕಣ್ಣಿಗೆ ಪೊರೆ ಬಂದಿದೆ."