ಕಾಕಾರ ಗ್ಯಾರೇಜಿನ ಐದು ಮಷೀನು

ಹಳೆಯ ಬಟ್ಟೆ ಒಗೆಯುವ ಮಷೀನುಗಳನ್ನು ಕೂಡಿಹಾಕುವ ಹುಚ್ಚು ನನಗಿತ್ತು ಎಂದರೆ ಜನ ಈಗಲೂ ನಗುತ್ತಾರೆ. ಸೀರೆ, ಬಳೆ, ಹಿತ್ತಾಳೆ ಪಾತ್ರೆ ಕೂಡಿಹಾಕುವ ಹೆಂಗಸರನ್ನು ಅವರು ಕಂಡಿದ್ದಾರೆ, ಇಂಥವಳನ್ನು ಕಂಡಿಲ್ಲ. ನಗಲಿ ಬಿಡಿ. ಇಂಗ್ಲೆಂಡಿನಲ್ಲಿ ತಯಾರಾಗಿ, ಯಾರದೋ ಸಂಸಾರದ ಜೊತೆ ಹಡಗಿನಲ್ಲಿ ನ್ಯೂಜಿಲೆಂಡಿಗೆ ಬಂದು, ಆ ಸಂಸಾರವೇ ಮುಗಿದ ಮೇಲೂ ಕರೆಂಟು ಕೊಟ್ಟರೆ ತಿರುಗಲು ಸಿದ್ಧವಿರುವ ಮೋಟರನ್ನು ಕಂಡರೆ ನನಗೆ ಸುಮ್ಮನೆ ದಾಟಿ ಹೋಗಲು ಆಗುತ್ತಿರಲಿಲ್ಲ.

ಮೊದಲನೆಯದು ಸಿಕ್ಕಿದ್ದು ನಾನು ಆಗ ಇದ್ದ, ವೆಲಿಂಗ್ಟನ್ ಹತ್ತಿರದ ಅಪ್ಪರ್ ಹಟ್‌ನಲ್ಲಿ, ಹಳೆ ಸಾಮಾನಿನ ಅಂಗಡಿಯ ಮೂಲೆಯಲ್ಲಿ. ಬಿಳಿ ಎನಾಮಲ್ಲಿನ ತೊಟ್ಟಿ, ಮೇಲೆ ಬಟ್ಟೆ ಹಿಂಡುವ ಎರಡು ರಬ್ಬರ್ ಉರುಳೆ, ಅವನ್ನು ತಿರುಗಿಸಲು ಪಕ್ಕದಲ್ಲೊಂದು ಹಿಡಿಕೆ. ನಾನು ನರ್ಸಿಂಗ್ ಕಲಿತ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಇಂಥದ್ದೇ ಒಂದಿತ್ತು. ಬೆರಳು ಸಿಕ್ಕೀತು ಎಂದು ಸಿಸ್ಟರ್ ನಮ್ಮನ್ನು ಅದರ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಅಂದು ಮುಟ್ಟಲಾಗದ ಸಿಟ್ಟಿಗೋ ಏನೋ, ಇದನ್ನು ಮನೆಗೆ ತಂದೆ. ಮನೆ ಎಂದರೆ ಮೂವರು ಫ್ಲ್ಯಾಟ್‌ಮೇಟ್‌ಗಳಿದ್ದ ಬಾಡಿಗೆ ಮನೆ. ಮೂವರೂ ಬಾಗಿಲಿಗೆ ಅಡ್ಡ ನಿಂತರು.

ಅದೇ ಬೀದಿಯಲ್ಲಿ ಮಗ, ಸೊಸೆಯ ಜೊತೆ ಇದ್ದವರು ಕಾಕಾ. ನನಗೆ ಸಂಬಂಧಿಕರೇನಲ್ಲ. ಅವರು ಗದಗಿನ ಕಡೆಯವರು, ನಾನು ಹುಬ್ಬಳ್ಳಿಯವಳು, ಕಾಕಾ ಎನ್ನಲು ಅಷ್ಟು ಸಾಕಾಗಿತ್ತು. ಊರಲ್ಲಿ ನೂಲಿನ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಇಲ್ಲಿ ಅವರ ಪಾಲಿಗೆ ಉಳಿದಿದ್ದ ಕೆಲಸವೆಂದರೆ ಕಸದ ಡಬ್ಬಿಯನ್ನು ಬೀದಿಗೆ ಇಡುವುದು, ಮತ್ತೆ ಒಳಗೆ ತರುವುದು. ನನ್ನ ಮಷೀನನ್ನು ನೋಡಿದ್ದೇ ತಡ, ಅಂಗಿಯ ತೋಳು ಮಡಚಿ, ಮಗನ ಗ್ಯಾರೇಜಿನ ಬಾಗಿಲು ತೆಗೆದರು.

“ಎಲ್ಲಾ ಸ್ಕ್ರೂ ಕಣ್ಣಿಗೆ ಕಾಣಸ್ತಾವ ನೋಡು ತಂಗಿ. ಮಾಡಿದಾಂವಗ ಮುಚ್ಚಿಡೂದು ಏನೂ ಇದ್ದಿಲ್ಲ,” ಅಂದರು. ಈ ಮಾತನ್ನು ಆಮೇಲೆ ಎಷ್ಟು ಸಲ ನೆನೆಸಿಕೊಂಡು ಹಲ್ಲು ಕಡಿದಿದ್ದೇನೋ ನನಗೇ ಗೊತ್ತಿಲ್ಲ.

ನಾಲ್ಕು ವರ್ಷದಲ್ಲಿ ಒಂದು ಐದಾಯಿತು. ತುಕ್ಕು ಉಜ್ಜುವುದು, ಬೆಲ್ಟ್ ಬದಲಿಸುವುದು, ಒಣಗಿ ಬಿರಿದ ರಬ್ಬರನ್ನು ಅಳತೆ ಹಿಡಿದು ಹೊಸದಾಗಿ ಕತ್ತರಿಸುವುದು, ಎಲ್ಲವನ್ನೂ ಅವರ ಕೈ ನೋಡಿ ಕಲಿತೆ. ನಮ್ಮದೊಂದು ನೇಮವಿತ್ತು: ತಿಂಗಳಿಗೊಮ್ಮೆ ಪ್ರತಿ ಮಷೀನಿನಲ್ಲೂ ನಿಜವಾದ ಬಟ್ಟೆ ಒಗೆಯಬೇಕು. ಮೊದಲು ಬಿಳಿಯವು, ಅದೇ ನೀರಿಗೆ ಬಣ್ಣದವು, ಕಡೆಗೆ ಕಾಕಾರ ಕಾಲುಚೀಲ ಮತ್ತು ಎಣ್ಣೆ ಒರೆಸಿದ ಚಿಂದಿ. ನಳಕ್ಕೆ ನೀರು ಬರುವುದನ್ನು ವಾರಗಟ್ಟಲೆ ಕಾದು ಬೆಳೆದ ನನಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ದಸರೆಯಲ್ಲಿ ಖಂಡೇಪೂಜೆಯ ದಿನ ಐದಕ್ಕೂ ವಿಭೂತಿ ಎಳೆದು, ಕುಂಕುಮ ಇಟ್ಟು, ಡ್ರೈವ್‌ವೇ ಮೇಲೆ ಕಾಯಿ ಒಡೆಯುತ್ತಿದ್ದೆವು. ಪಕ್ಕದ ಮನೆಯ ನ್ಯೂಜಿಲೆಂಡ್ ಹೆಂಗಸು ಪ್ರತಿ ವರ್ಷ ಕಿಟಕಿಯಿಂದ ನೋಡುತ್ತಿದ್ದಳು. ಅಷ್ಟು ಸುಖವಾಗಿ ನಾನು ಈ ದೇಶದಲ್ಲಿ ಬೇರೆಲ್ಲೂ ಇರಲಿಲ್ಲ.

ಆಮೇಲೆ ನನಗೆ ಆಕ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಬಾಟನಿ ಡೌನ್ಸ್ ಬಡಾವಣೆಯಲ್ಲಿ ಹಿಡಿದ ಮನೆ ಎರಡನೇ ಮಹಡಿಯಲ್ಲಿತ್ತು, ಅಲ್ಲಿ ಒಂದು ಮಷೀನಿಗೂ ಜಾಗವಿರಲಿಲ್ಲ.

“ನಾ ಅದೀನಿ, ನೀ ಚಿಂತಿ ಮಾಡಬ್ಯಾಡ. ರವಿವಾರಕ್ಕೊಮ್ಮೆ ಫೋನ್ ಹಚ್ಚು, ಎಲ್ಲಾ ಸುದ್ದಿ ಹೇಳ್ತೀನಿ,” ಎಂದರು ಕಾಕಾ.

ಎರಡು ವರ್ಷ, ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಫೋನ್ ಮಾಡಿದೆ. ಅವರು ಹೇಳಿದರು. ನೀಲಿ ಮುಚ್ಚಳದ್ದು ಇವತ್ತು ಬಹಳ ನೀರು ಕುಡಿಯಿತು, ಸಣ್ಣದು ಹಿಂಡುವಾಗ ಕಟಕಟ ಅನ್ನುತ್ತದೆ. ನಾನು ಇಲ್ಲಿಂದ ಬೆಲ್ಟ್ ಹುಡುಕಿ, ಹಳೆ ಟವೆಲ್ಲಿನಲ್ಲಿ ಸುತ್ತಿ ಪಾರ್ಸೆಲ್ ಕಳಿಸಿದೆ. ಹಾಕಿದೆ, ಕಟಕಟ ನಿಂತಿತು ಎಂದರು. ಒಂದು ಸಲ ಸದ್ದು ಕೇಳಿಸಿ ಎಂದು ಹಟ ಹಿಡಿದೆ. “ತಡಿ,” ಎಂದವರು ನಡೆದುಹೋಗಿ, ಯಾವುದೋ ಬಾಗಿಲು ತೆಗೆದು, ಫೋನನ್ನು ಹತ್ತಿರ ಹಿಡಿದರು. ನಾನು ಕಣ್ಣು ಮುಚ್ಚಿ ಕೇಳಿದೆ.

“ಕಾಕಾ, ಬೇರಿಂಗ್ ಎಷ್ಟು ಛಲೋ ಆಗೇತಿ! ಸದ್ದ ಇಲ್ಲಲ್ಲ.”

“ಹೂಂ, ಗ್ರೀಸ್ ಹಾಕೀನಿ.”

ಅಂದು ಇಡೀ ದಿನ ವಾರ್ಡಿನಲ್ಲಿ ಎಲ್ಲರ ಎದುರು ಕಾಕಾರ ಕೈಗುಣ ಹೊಗಳಿದ್ದೇ ಹೊಗಳಿದ್ದು.

ಹೋದ ಚಳಿಗಾಲದಲ್ಲಿ ತರಬೇತಿಗೆಂದು ವೆಲಿಂಗ್ಟನ್‌ಗೆ ಹೋಗಬೇಕಾಯಿತು. ತರಬೇತಿ ಶನಿವಾರಕ್ಕೆ ಮುಗಿಯಿತು. ದೊಡ್ಡ ಮಷೀನಿನ ಮೋಟರಿಗೆ ಬೇಕಾದ, ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್ ತಿಂಗಳುಗಟ್ಟಲೆ ಹುಡುಕಿ ಸಂಪಾದಿಸಿದ್ದೆ. ಅದನ್ನು ಚೀಲದಲ್ಲಿಟ್ಟುಕೊಂಡು, ಹೇಳದೆ ಕೇಳದೆ ಹೋಗಿ ಕಾಕಾರನ್ನು ಬೆಚ್ಚಿಬೀಳಿಸೋಣ ಎಂದು ಭಾನುವಾರ ಬೆಳಿಗ್ಗೆ ಅಪ್ಪರ್ ಹಟ್‌ನ ರೈಲು ಹತ್ತಿದೆ. ಅವರ ಮನೆ ತಲುಪಿದಾಗ ಸರಿಯಾಗಿ ಹತ್ತು. ಎಂದಿನಂತೆ ಫೋನ್ ಹಚ್ಚುತ್ತ ಗೇಟು ದಾಟಿದೆ.

ಗ್ಯಾರೇಜ್ ಇರಲಿಲ್ಲ. ಅದರ ಬಾಗಿಲಿದ್ದ ಕಡೆ ಗೋಡೆ ಎದ್ದಿತ್ತು. ಗೋಡೆಗೆ ಕಿಟಕಿ, ಕಿಟಕಿಗೆ ಪರದೆ, ಹೊಸ್ತಿಲಲ್ಲಿ ಯಾರೋ ಬಾಡಿಗೆಯವರ ಶೂ. ಕಾಕಾ ಆಚೆ ಮರದ ಜಗುಲಿಯ ಮೇಲೆ, ನನಗೆ ಬೆನ್ನು ಹಾಕಿ, ಒಂದು ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದರು. ಫೋನ್ ಎತ್ತಿದರು.

“ಈಗಷ್ಟ ಓಡಿಸಿ ಬಂದು ಕುಂತೆ ತಂಗಿ. ದೊಡ್ಡದು ಇವತ್ತ ಭಾಳ ಹಟಾ ಮಾಡ್ತು. ಉರುಳಿ ನಡಕ ದುಪ್ಪಟಿ ಸಿಕ್ಕಿತ್ತು ನೋಡು, ಹಿಂದಕ್ಕ ತಿರುವಿ ತಿರುವಿ ತಗದೆ.”

ಮಾತು ಫೋನಿನಲ್ಲೂ ಕೇಳುತ್ತಿತ್ತು, ಎದುರಿಗೂ ಕೇಳುತ್ತಿತ್ತು. ಖಾಲಿ ಇದ್ದ ಅವರ ಇನ್ನೊಂದು ಕೈ ಗಾಳಿಯಲ್ಲಿ ಇಲ್ಲದ ಹಿಡಿಕೆಯನ್ನು ತಿರುಗಿಸುತ್ತಿತ್ತು. ನಾನು ತಡೆಯಲಿಲ್ಲ. ಎಲ್ಲಿಯತನಕ ಹೋಗುತ್ತಾರೋ ನೋಡೇಬಿಡೋಣ ಎಂದು ಹಲ್ಲು ಕಚ್ಚಿ ನಿಂತೆ. ನೀಲಿ ಮುಚ್ಚಳದ್ದನ್ನೂ ಬಿಡಲಿಲ್ಲ, ಸಣ್ಣದನ್ನೂ ಬಿಡಲಿಲ್ಲ. ಐದೂ ಮಷೀನಿನ ಸುದ್ದಿ ಹೇಳಿ ಮುಗಿಸಿ, “ಆ ಬ್ರಶ್ ಸಿಕ್ಕುವೇನು?” ಎಂದರು.

“ಸಿಕ್ಕಾವ ಕಾಕಾ. ತಂದೀನಿ.”

ತಿರುಗಿ ನೋಡಿದರು. ಫೋನ್ ಇನ್ನೂ ಕಿವಿಯಲ್ಲೇ ಇತ್ತು. ಎರಡೂ ಕೈಯಿಂದ ಕಾಲನ್ನು ಕೆಳಗಿಳಿಸಿ, “ಬಾ, ಕುಂಡ್ರು. ಚಾ ಮಾಡಸ್ತೀನಿ,” ಎಂದರು.

“ಮಷೀನ್ ಎಲ್ಲಿ?”

“ನೀ ಹೋದ ಮೂರನೇ ವಾರಕ್ಕ ಹೋದ್ವು. ಗುಜರಿಯಾಂವ ಯೂಟ್ ಗಾಡಿ ತಂದಿದ್ದ. ಮಗಾ ಸೊಸಿಗೆ ಬಾಡಿಗಿ ಕೊಡಾಕ ಒಂದು ಖೋಲಿ ಬೇಕಾಗಿತ್ತು. ಗ್ಯಾರೇಜ್ ನಂದಲ್ಲಲ್ಲ ಯವ್ವಾ.” ಮತ್ತೆ, “ಎನಾಮಲ್ ತರಚಬಾರದು ಅಂತ ನಾನ ನಡುವ ಗೋಣಿಚೀಲ ಇಟ್ಟು ಏರಿಸೀನಿ,” ಎಂದರು.

ಗುಜರಿಗೆ ಹೋಗುವ ಮಷೀನಿಗೆ ಗೋಣಿಚೀಲದ ಹಾಸಿಗೆ! ನನ್ನ ಪಿತ್ತ ನೆತ್ತಿಗೇರಿತು.

“ಮತ್ತ ಆವತ್ತು ಕೇಳಿಸಿದ ಸದ್ದು?”

“ಒಳಗಿಂದು. ಸೊಸಿದು, ಹೊಸಾದು.”

“ನಾ ಕಳಿಸಿದ ಬೆಲ್ಟ್?”

“ಕಪಾಟಿನ್ಯಾಗ ಅದಾವ. ಬಿಸಾಕಿಲ್ಲ.”

“ಒಂದ ಒಂದು ಮಾತು ಹೇಳಿದ್ರ ಸಾಕಿತ್ತಲ್ರೀ ಕಾಕಾ! ಎರಡು ವರ್ಷ ನನ್ನ ಹುಚ್ಚಿ ಮಾಡಿದ್ರಿ.”

“ಹೇಳಿದ್ರ, ಮುಂದಿನ ರವಿವಾರ ಫೋನ್ ಯಾಕ ಹಚ್ಚತಿದ್ದಿ?”

“ನಿಮ್ಮ ಸಲುವಾಗಿ ಹಚ್ಚತಿದ್ದೆ! ನಾ ಅಷ್ಟು ಕೆಟ್ಟಾಕಿ ಅಂತ ತಿಳದೀರೇನು?”

ಕಾಕಾ ಬಗ್ಗಿ ಪ್ಯಾಂಟಿನ ಕಾಲನ್ನು ಮೇಲಕ್ಕೆ ಸರಿಸಿದರು. ಮೊಣಕಾಲಿನ ಮೇಲಿಂದ ಕೆಳಗಿನವರೆಗೆ ಆಪರೇಷನ್ನಿನ ಹೊಲಿಗೆಯ ಗುರುತು, ಪೂರ್ತಿ ಮಾಗಿತ್ತು. ಒಂದು ವರ್ಷದ ಹಿಂದಿನದು ಎಂದು ನನಗೆ ನೋಡಿದ ಕೂಡಲೆ ಗೊತ್ತಾಯಿತು. ನಾನು ಕೆಲಸ ಮಾಡುವುದೇ ಮೂಳೆಯ ವಾರ್ಡಿನಲ್ಲಿ. ದಿನ ಬೆಳಗಾದರೆ ಗುರುತು ಪರಿಚಯ ಇಲ್ಲದವರ ಹಾಸಿಗೆಯ ಪಕ್ಕ ನಿಂತು, ನೋವು ಹೇಗಿದೆ, ನಾಲ್ಕು ಹೆಜ್ಜೆ ನಡೆದಿರಾ ಎಂದು ಕೇಳುವವಳು.

“ದವಾಖಾನಿ ಖಾಟಿನ ಮ್ಯಾಲೆ ಮಲಕೊಂಡೂ ನಿನಗ ಮಷೀನ್ ಸುದ್ದಿ ಹೇಳೀನಿ ತಂಗಿ. ಹೆಂಗಿದ್ದೀರಿ ಅಂತ ಒಂದು ದಿನ ಕೇಳಿದ್ದು ನೆನಪೈತೇನು?”

ನೆನಪಿರಲಿಲ್ಲ. ಕೇಳಿದ್ದರೆ ತಾನೇ ನೆನಪಿರುವುದು. ಫೋನ್ ಎತ್ತಿದ ಕೂಡಲೆ, “ಇವತ್ತ ಯಾವುದು ಓಡಿಸಿದ್ರಿ?” ಎಂದೇ ಶುರು ಮಾಡುತ್ತಿದ್ದೆ.

ಚಹಾ ಕುಡಿಯದೆ ಹೊರಟೆ. ಆ ಮನೆಯಿಂದ ಹಾಗೆ ಬಂದದ್ದು ಅದೇ ಮೊದಲು. ಬ್ರಶ್‌ನ ಪೊಟ್ಟಣ ಚೀಲದಲ್ಲೇ ಉಳಿಯಿತು. ರೈಲಿನಲ್ಲಿ ಕುಳಿತು ಅತ್ತೆ, ಮಷೀನಿಗಾಗಿ ಅಲ್ಲ. ನನಗೆ ಮೋಸವಾಗಿದೆ, ಅದೂ ಈ ದೇಶದಲ್ಲಿ ನಾನು ತಂದೆಯೆಂದು ತಿಳಿದಿದ್ದ ಮನುಷ್ಯನಿಂದ. ಆದರೆ ಎದ್ದು ನಿಂತು ಜಗಳ ತೆಗೆಯಲು ಅವರು ನನಗೆ ಜಾಗವನ್ನೇ ಬಿಟ್ಟಿರಲಿಲ್ಲ. ಸೊಸೆಯ ಮಷೀನಿನ ಸದ್ದಿಗೆ ಕಣ್ಣು ಮುಚ್ಚಿ ನಕ್ಕ ನನ್ನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮುಂದಿನ ಭಾನುವಾರ ಹತ್ತಕ್ಕೆ ಫೋನ್ ಕೈಗೆ ತೆಗೆದುಕೊಂಡೆ. ಮೊಣಕಾಲು ಹೇಗಿದೆ ಎಂದು ಕೇಳಬೇಕು, ಅಷ್ಟೇ. ಬಾಯಲ್ಲಿ ಎರಡು ಸಲ ಹೇಳಿಯೂ ನೋಡಿದೆ. ಈಗ ಕೇಳಿದರೆ ನಾಚಿಕೆಗೆ ಕೇಳಿದಂತಾಗುತ್ತದೆ ಎನಿಸಿತು, ಸಿಟ್ಟೂ ಇಳಿದಿರಲಿಲ್ಲ. ಫೋನ್ ಕೆಳಗಿಟ್ಟೆ. ಅದರ ಮುಂದಿನ ಭಾನುವಾರವೂ ಮಾಡಲಿಲ್ಲ. ಅವರೂ ಮಾಡಲಿಲ್ಲ. ಮಷೀನು ಇಲ್ಲದಿದ್ದರೆ ನಾನು ಫೋನ್ ಮಾಡುವವಳಲ್ಲ ಎಂದು ಕಾಕಾ ಎಂದೋ ತಿಳಿದಿದ್ದರು. ಅವರ ಆ ಎಣಿಕೆಯೊಂದು ಸುಳ್ಳಾಗಬಹುದಿತ್ತು, ಆಗಲು ನಾನು ಬಿಡಲಿಲ್ಲ.